ಅರ್ತ ಆಗದ ಕಾರು

ಸಂತೆಮರಹಳ್ಳಿ ಸರ್ಕಲ್ಲಿನಲ್ಲಿ ಟೀ ಕುಡಿದು ಬಂದು ಕೀಲಿ ತಿರುಗಿಸಿದರೆ, ನಮ್ಮ ಹಳೇ ಕಾರು ‘ಟಕ್’ ಎಂದು ಒಂದೇ ಅಕ್ಷರ ಉಚ್ಚರಿಸಿ ಮೌನವ್ರತ ಹಿಡಿಯಿತು. ಮೈಸೂರಿನಿಂದ ಮೂಗೂರಿನ ಮೇಲೆ ಬಂದು, ಯಳಂದೂರು ಹಾದು ಬಿಳಿಗಿರಿರಂಗನ ಬೆಟ್ಟ ಹತ್ತುವುದು ನಮ್ಮ ಲೆಕ್ಕವಾಗಿತ್ತು.

“ನಾನು ಹೇಳ್ತಾನೇ ಇದ್ದೆ, ಹಂಪು ಹಾರಿಸಿದಾಗೆಲ್ಲ ಲೈಟು ಕಣ್ಣು ಹೊಡೀತಿತ್ತು,” ಅಂದಳು ಹೆಂಡತಿ.

“ನಿನಗೆ ಗೊತ್ತಾಗಲ್ಲ, ಸುಮ್ನಿರು,” ಅಂದು ನಾನು ಗಂಭೀರವಾಗಿ ಬಾನೆಟ್ ಎತ್ತಿದೆ. ನನಗೂ ಗೊತ್ತಾಗುವುದಿಲ್ಲ; ಆದರೆ ಎತ್ತುವುದು ಗಂಡಸರ ಕರ್ತವ್ಯ.

ರಸ್ತೆಬದಿಯಲ್ಲಿ ಬಾನೆಟ್ ಎತ್ತುವುದೂ ಒಂದೇ, ಡಂಗುರ ಸಾರುವುದೂ ಒಂದೇ. ಐದೇ ನಿಮಿಷಕ್ಕೆ ಜನ ನೆರೆಯಿತು. ಟ್ರ್ಯಾಕ್ಟರಿನವನು “ಸೆಲ್ಫ್ ಮೋಟ್ರು ಹೋಗದ ಸೋಮಿ” ಅಂದ. ಹುಡುಗನೊಬ್ಬ ಪೆಟ್ರೋಲಿದೆಯೇ ಎಂದು ಕೇಳಿ ನನ್ನ ಮಾನ ಕಳೆದ. ಅಜ್ಜನೊಬ್ಬ ಅಮಾವಾಸ್ಯೆಯ ಲೆಕ್ಕ ಹಾಕತೊಡಗಿದ. ಸೆಲ್ಫ್ ಹೊಡೆದಾಗ ಹೆಡ್‌ಲೈಟು ಮಂಕಾದದ್ದು ಕಂಡದ್ದೇ ತಡ, ಬಾಕಿಯವರೆಲ್ಲ ಬ್ಯಾಟರಿಯ ಕಡೆ ಕೈ ಎತ್ತಿದರು.

ಮತ ಎಣಿಸುವುದು ಈ ಊರಿಗೆ ಹೊಸದಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರದಿಂದ ಆರ್. ಧ್ರುವನಾರಾಯಣ ಅವರಿಗೆ ಬಿದ್ದದ್ದು 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ವೋಟು! ಸೋತವರ ಕಾರಿನ ಡ್ರೈವರಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲ ಎಂಬ ಕಥೆ ಇಲ್ಲಿನ ಟೀ ಲೋಟದಲ್ಲಿ ಇನ್ನೂ ಆರಿಲ್ಲ. 2008ರ ಹೊತ್ತಿಗೆ ಮರುವಿಂಗಡಣೆಯಲ್ಲಿ ಕ್ಷೇತ್ರವೇ ಇಲ್ಲವಾಯಿತು. ಒಂದು ವೋಟು ಉಳಿಯಿತು. ನನ್ನ ಕಾರಿನ ಚುನಾವಣೆಯಲ್ಲಾದರೋ ಬ್ಯಾಟರಿಗೆ ಭಾರೀ ಬಹುಮತ.

ಬಹುಮತದವರೇ ಕಾರು ತಳ್ಳಿದರು. ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟೆ. ಎಂಜಿನ್ ಗುಡುಗಿತು, ಜನ ಸಿಳ್ಳೆ ಹೊಡೆದರು. ಇಷ್ಟು ಉಪಕಾರ ಮಾಡಿದವರಿಗೆ ಇಳಿದು ಕೈಮುಗಿಯಬೇಡವೇ? ಅಭ್ಯಾಸಬಲದಿಂದ ಎಂಜಿನ್ ಆರಿಸಿ ಇಳಿದೆ.

ಎರಡನೇ ಸಲ ತಳ್ಳಲು ಯಾರೂ ಬರಲಿಲ್ಲ. ಅಜ್ಜ ಮಾತ್ರ ಮರುಗಿ ಆಟೋ ಎಲೆಕ್ಟ್ರಿಷಿಯನ್‌ನನ್ನು ಕರೆಸಿದ.

ಹುಡುಗ ಮಾತುಗಾರನಲ್ಲ. ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ತಲೆಗಳಿಗೆ ಇಟ್ಟ: 12.6 ವೋಲ್ಟ್. “ಸೆಲ್ಫ್ ಹೊಡೀರಿ.” ಹೊಡೆದೆ. 12ರಿಂದ ಕೆಳಗಿಳಿಯಲಿಲ್ಲ. “ಬ್ಯಾಟ್ರಿ ಗುಂಡ್‌ಕಲ್ಲಂಗದ,” ಅಂದ. ಬಹುಮತ ಮೆಲ್ಲಗೆ ಕರಗಿತು. ಆಮೇಲೆ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಕಾರಿನ ಕಬ್ಬಿಣಕ್ಕೆ ಒತ್ತಿ ಮತ್ತೆ ಸೆಲ್ಫ್ ಹೊಡೆಸಿದ. ಅರ್ಧ ವೋಲ್ಟೂ ತೋರಿಸಬಾರದ ಜಾಗದಲ್ಲಿ ಮುಳ್ಳು 9 ದಾಟಿತು.

“ಅರ್ತ ಆಯ್ತಾ ಇಲ್ಲ,” ಅಂದ.

ನನಗೆ ಕನಿಕರವಾಯಿತು. “ಪರವಾಗಿಲ್ಲಪ್ಪ, ನಿಧಾನವಾಗಿ ನೋಡು. ಇವೆಲ್ಲ ಬೇಗ ಅರ್ಥ ಆಗೋ ವಿಷಯ ಅಲ್ಲ.”

ಅವನು ನನಗಿಂತ ಹೆಚ್ಚಿನ ಕನಿಕರದಿಂದ ನೋಡಿದ. “ನನಗಲ್ಲ ಸೋಮಿ, ಕಾರ್ಗ.”

ಅವನು ಹೇಳಿದ್ದು ಅರ್ತಿಂಗಿನ ‘ಅರ್ತು’. ಪ್ಲಸ್ಸಿನಿಂದ ಹೊರಟ ಕರೆಂಟು ದುಡಿದು ಮೈನಸ್ಸಿಗೆ ಮರಳಬೇಕು. ಮರಳಲು ಕಾರಿನ ಮೈಯೇ ದಾರಿ. ಆ ಮೈಯನ್ನೂ ಬ್ಯಾಟರಿಯನ್ನೂ ಕೂಡಿಸುವ ಕೇಬಲ್ಲಿನ ಬೋಲ್ಟು ಸಡಿಲಗೊಂಡು, ಅಡಿಗೆ ತುಕ್ಕು ಕೂತಿತ್ತು. ಒಂದು ಓಮಿನ ಹತ್ತನೇ ಒಂದು ಪಾಲು ಅಡ್ಡಿ, ಅಷ್ಟೇ. ಹಾರ್ನಿಗೆ ಬೇಕಾದ ನಾಲ್ಕೈದು ಆಂಪಿಯರ್ ಅಲ್ಲಿ ನುಸುಳಿ ಹೋದೀತು, ಅರ್ಧ ವೋಲ್ಟ್ ಸುಂಕ ತೆತ್ತು. ಆದರೆ ಸೆಲ್ಫ್ ಮೋಟರಿಗೆ ಬೇಕಾದದ್ದು ನೂರರ ಮೇಲೆ. ಕಿರುದಾರಿಯಲ್ಲಿ ಒಂದು ಕುಕ್ಕೆ ಹೊತ್ತವಳು ಹಾದುಹೋದಾಳು. ಇಡೀ ಸಂತೆಯೇ ಎದ್ದು ಹೊರಟರೆ?

ಹುಡುಗ ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ತುಕ್ಕು ಉಜ್ಜಿ, ಬಿಗಿ ಮಾಡಿದ. ಕೀಲಿ ತಿರುಗಿಸಿದೆ. ಕಾರು ಏನೂ ಆಗೇ ಇಲ್ಲವೆಂಬಂತೆ ಎದ್ದಿತು.

“ಹಂಪು ಹಾರ್ದಾಗ ಲೈಟು ಮಿಣುಕ್ತಿತ್ತಾ ಸೋಮಿ? ಅದ್ನ ಮೊದ್ಲೇ ಹೇಳ್ಬಾರ್ದಾ?”

ನಾನು ಕಾರಿನೊಳಕ್ಕೆ ನೋಡುವ ಧೈರ್ಯ ಮಾಡಲಿಲ್ಲ. ಬೆರಳಿಗೆ ಶಾಯಿ ಹತ್ತದ ಮತದಾರಳೊಬ್ಬಳು ಅಲ್ಲಿ ಆಗಿನಿಂದ ಕೂತಿದ್ದಳು.

ಯಳಂದೂರಿನ ಮೊದಲ ಹಂಪು ಹಾರಿಸಿ ಮೆತ್ತಗೆ ಕೇಳಿದೆ: “ಲೈಟು ಮಿಣುಕಿತಾ, ನೋಡ್ದ್ಯಾ?”

“ನನಗೆ ಗೊತ್ತಾಗಲ್ಲ,” ಅಂದಳು.