ಫ್ರಿಜ್ಜಿನಲ್ಲಿ ಚಳಿಗಾಲ

ಜಯನಗರ, ಗಿರಿನಗರ, ಬನಶಂಕರಿ ಕಡೆ ಬೀದಿಗೊಬ್ಬರಂತೆ ಗಡ್ಡೆ ರಾಯರು ಇರುತ್ತಾರೆ. ಬ್ಯಾಂಕಿನಿಂದಲೋ ವಿಮೆ ಕಚೇರಿಯಿಂದಲೋ ನಿವೃತ್ತರಾದವರು. ಮೊದಲು ಗುಲಾಬಿ ಬೆಳೆಸಿ, ಆಮೇಲೆ ಬೋನ್ಸಾಯಿಗೆ ತಿರುಗಿ, ಕಡೆಗೆ ಗಡ್ಡೆಗೆ ಬಂದು ನಿಂತವರು. ಸುವರ್ಣಗಡ್ಡೆ, ಕೆಸುವಿನ ಗಡ್ಡೆ ಎಂದುಕೊಳ್ಳಬೇಡಿ. ಟ್ಯೂಲಿಪ್, ಹೈಸಿಂತ್ ಮುಂತಾಗಿ ಹಿಮ ಬೀಳುವ ಸೀಮೆಗೆ ಒಗ್ಗಿದ ಹೂಗಳ ಗಡ್ಡೆ. ಇವರನ್ನು ಗುರುತಿಸುವುದು ಸುಲಭ. ಮನೆಗೆ ಬಂದವರಿಗೆ ತೋಟ ತೋರಿಸುವುದಿಲ್ಲ, ಫ್ರಿಜ್ ತೆರೆದು ತೋರಿಸುತ್ತಾರೆ.

ಟ್ಯೂಲಿಪ್ ಗಡ್ಡೆ ಹೂ ಕೊಡಬೇಕಾದರೆ ಹನ್ನೆರಡರಿಂದ ಹದಿನಾರು ವಾರ 9 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಇರಬೇಕು. ಬೆಂಗಳೂರಿನ ಜನವರಿ ರಾತ್ರಿ 15 ಡಿಗ್ರಿಗೆ ಇಳಿದರೆ ನಾವೆಲ್ಲ ಮಂಕಿ ಟೋಪಿ ಹುಡುಕುತ್ತೇವೆ. ಗಡ್ಡೆಗೆ ಅದು ಚಳಿಯೇ ಅಲ್ಲ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ಬೇರೆಯವರಿಗೆ 1983 ಎಂದರೆ ವಿಶ್ವಕಪ್ಪು, ರಾಯರಿಗೆ 1884. “ಆಗ ಹುಟ್ಟಬೇಕಿತ್ತು ಕಣ್ರೀ” ಎಂದು ನಿಟ್ಟುಸಿರು ಬಿಡುತ್ತಾರೆ. ಆಗ ಫ್ರಿಜ್ ಇರಲಿಲ್ಲವಲ್ಲ ಎಂದು ನೆನಪಿಸುವುದು ಕ್ರೌರ್ಯವಾದೀತು.

ಸೆಪ್ಟೆಂಬರ್ ಬಂತೆಂದರೆ ಫ್ರಿಜ್ಜಿನ ತರಕಾರಿ ಡಬ್ಬ ಖಾಲಿ. ಸೊಪ್ಪು, ಬೀನ್ಸು ಹೊರಗೆ. ಕಾಗದದ ಚೀಲಗಳಲ್ಲಿ ಗಡ್ಡೆಗಳು ಒಳಗೆ. ಅದು ಚಾತುರ್ಮಾಸ್ಯದ ಕಾಲ ಬೇರೆ. ರಾಯರ ತಾಯಿ ಈರುಳ್ಳಿಯ ಹೆಸರೆತ್ತದ ತಿಂಗಳುಗಳಲ್ಲಿ, ಈರುಳ್ಳಿಯ ತದ್ರೂಪಿಗಳು ನೈವೇದ್ಯದ ಹಾಲಿನ ಕೆಳಗೇ ಬೀಡುಬಿಟ್ಟಿರುತ್ತವೆ.

“ಈರುಳ್ಳಿ ಅಲ್ಲಮ್ಮ, ಹೂವು.”

“ಹೂವಾದರೆ ದೇವರ ಮೇಲೆ ಇಡೋ, ನೋಡೋಣ.”

“ಜನವರಿಯಲ್ಲಿ ಇಡ್ತೀನಿ.”

ಮಾಗುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಗಡ್ಡೆಯೊಳಗೆ ರೂಪುಗೊಳ್ಳುತ್ತಿರುವ ಎಳೆಯ ಹೂವನ್ನು ಅದು ಅಲ್ಲೇ ಸಾಯಿಸಬಲ್ಲದು. ಇದು ರಾಯರ ಕಲ್ಪನೆಯಲ್ಲ, ನಿಜ. ಆದ್ದರಿಂದ ನವರಾತ್ರಿಯಲ್ಲಿ ಬಂದ ಸೇಬು, ಬಾಳೆ ಎಲ್ಲ ಮೇಜಿನ ಮೇಲೇ ಕೊಳೆಯಬೇಕು. ಬೊಂಬೆ ನೋಡಲು ಬಂದ ಹೆಂಗಸರು ಹಣ್ಣಿನ ತಟ್ಟೆ ಹಿಡಿದು ಅಡುಗೆಮನೆ ಕಡೆ ಹೊರಟರೋ, ರಾಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ.

ಗಡ್ಡೆಗೆ ಎಷ್ಟು ಕೊಟ್ಟಿರಿ ಎಂದು ಮಡದಿ ಕೇಳಿದರೆ ಈಗಿನ ಬೆಲೆ ಹೇಳುವುದಿಲ್ಲ, 1637ರದ್ದು ಹೇಳುತ್ತಾರೆ. ಆಗ ಹಾಲೆಂಡಿನಲ್ಲಿ ಒಂದು ಗಡ್ಡೆಗೆ ಒಂದು ಮನೆಯ ಬೆಲೆ ಕೇಳುತ್ತಿದ್ದರಂತೆ, ಫೆಬ್ರವರಿಯಲ್ಲಿ ಪೇಟೆ ದಿಢೀರೆಂದು ಕುಸಿಯಿತಂತೆ. ಆ ಲೆಕ್ಕದಲ್ಲಿ ತಾವು ಉಳಿತಾಯವನ್ನೇ ಮಾಡಿದ್ದೇವೆ ಎಂಬ ಧಾಟಿ. ಟ್ಯೂಲಿಪ್ ಗಡ್ಡೆ ನಮ್ಮ ಸೆಖೆಗೆ ಮರುವರ್ಷ ಹೂಬಿಡುವುದಿಲ್ಲ, ಎಸೆದು ಹೊಸದು ಕೊಳ್ಳಬೇಕು. ವೃತ್ತಿಯುದ್ದಕ್ಕೂ ಜನರ ಸಾಲದ ಅರ್ಜಿಗೆ ಕೊಕ್ಕೆ ಹಾಕಿದ ಮನುಷ್ಯ ಈ ನಷ್ಟಕ್ಕೆ ಮಾತ್ರ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ.

ಹೈಸಿಂತಿನದು ಇನ್ನೂ ಚೆಂದ. ಗಾಜಿನ ಹೂಜಿಯ ಬಾಯಲ್ಲಿ, ನೀರಿಗೆ ತಾಗಿಯೂ ತಾಗದಂತೆ ಗಡ್ಡೆ ಕೂರಿಸಿದರೆ ಬೇರು ತಾನೇ ನೀರಿಗಿಳಿಯುತ್ತದೆ, ಮಣ್ಣೇ ಬೇಡ. ಚಳಿ ಸಾಲದಿದ್ದರೆ ಮಾತ್ರ ದಂಟು ಮೇಲೇಳದೆ, ಎಲೆಗಳ ಸಂದಿಯಲ್ಲೇ ಹೂಗೊಂಚಲು ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಮದ್ದು ಕಾಗದದ ಟೋಪಿ. ಕತ್ತಲಲ್ಲಿ ಬೆಳಕು ಹುಡುಕುತ್ತಾ ದಂಟು ಉದ್ದವಾಗುತ್ತದೆ. ಹಾಗಾಗಿ ಡಿಸೆಂಬರಿನಲ್ಲಿ ರಾಯರ ಕಿಟಕಿ ನೋಡಿದರೆ, ಕಡಲೆಕಾಯಿ ಪರಿಷೆಯಿಂದ ತಂದ ಪೊಟ್ಟಣಗಳನ್ನು ಸಾಲಾಗಿ ಬೋರಲು ಹಾಕಿದಂತಿರುತ್ತದೆ.

ಹೂ ಅರಳಿತೆಂದರೆ ಬೀದಿಗೆಲ್ಲ ಕರೆ. ದರ್ಶನದ ವೇಳೆ ಬೆಳಿಗ್ಗೆ ಮಾತ್ರ. ಬಿಸಿಲೇರಿದ ಮೇಲೆ ಕುಂಡಸಮೇತ ಹೂವು ಮತ್ತೆ ಫ್ರಿಜ್ಜಿಗೆ. ಬಂದವರು ಕೇಳುವುದು ಒಂದೇ, “ಪ್ಲಾಸ್ಟಿಕ್ಕಾ ಸಾರ್?” ಕೆಲವರು ಉಗುರಿನಿಂದ ಕೆರೆದೂ ನೋಡುತ್ತಾರೆ. ತಾಯಿಗೆ ಕೊಟ್ಟ ಮಾತು? ಕೀಳಲು ಮನಸ್ಸು ಬರುವುದಿಲ್ಲ. ಮಂಗಳಾರತಿ ಹೊತ್ತಿಗೆ ಕುಂಡವನ್ನೇ ದೇವರಮನೆ ಬಾಗಿಲ ತನಕ ತಂದು, ದೇವರಿಗೆ ತೋರಿಸಿ, ವಾಪಸು ಒಯ್ಯುತ್ತಾರೆ.

ಹೂ ಬಾಡಿದಾಗ ರಾಯರು ಅಷ್ಟೇನೂ ಕುಗ್ಗುವುದಿಲ್ಲ. ಅವರನ್ನು ಮುರಿಯುವುದು ಎದುರುಮನೆಯ ಸಾಫ್ಟ್‌ವೇರ್ ಹುಡುಗ. ಮೊದಲೇ ಚಳಿಗಿಟ್ಟ ಟ್ಯೂಲಿಪ್ ಗಡ್ಡೆಯನ್ನು ಮೊಬೈಲಿನಲ್ಲಿ ತರಿಸಿ, ಒಂದು ಪುಸ್ತಕವನ್ನೂ ಓದದೆ ಬಾಲ್ಕನಿಯಲ್ಲಿ ಅರಳಿಸಿಬಿಡುತ್ತಾನೆ. ಅಂದಿನಿಂದ ಟ್ಯೂಲಿಪ್ ಸಂತೆಯ ಹೂವು. ನನಗೆ ತೋರುವಂತೆ ಈ ಹವ್ಯಾಸದ ಗುಟ್ಟೇ ಇದು: ಹೂ ಚೆಂದವಿದ್ದರೆ ಸಾಲದು, ಪಕ್ಕದ ಮನೆಯಲ್ಲಿ ಇರಕೂಡದು.

ಈಗ ರಾಯರ ಕಣ್ಣು ದಕ್ಷಿಣ ಆಫ್ರಿಕಾದ ಕೇಪ್ ಸೀಮೆಯ ಲ್ಯಾಚೆನೇಲಿಯಾ ಮೇಲೆ. ಅದರ ಒಂದು ಜಾತಿ ಹಸಿರು ಬೆರೆತ ನೀಲಿಯಲ್ಲಿ ಅರಳುತ್ತದೆ, ಹೂಗಳಲ್ಲಿ ಅಪರೂಪದ ಬಣ್ಣ. ಕೇಳಿದವರು ಹೆಸರನ್ನು ತಿರುಗಿ ಹೇಳಲಾರರು ಎಂಬುದು ಇನ್ನೂ ದೊಡ್ಡ ಗುಣ. ಇದಕ್ಕೆ ಫ್ರಿಜ್ ಬೇಡ ಎಂದು ತಿಳಿದು ಮಡದಿ ಸತ್ಯನಾರಾಯಣ ಪೂಜೆಗೆ ಹರಸಿಕೊಂಡರು. ಆದರೆ ಅದರ ತವರಿನಲ್ಲಿ ಮಳೆಗಾಲ ಚಳಿಗಾಲದಲ್ಲಿ, ಬೇಸಿಗೆ ಪೂರಾ ಒಣ. ಬೇಸಿಗೆಯಲ್ಲಿ ಮಲಗಿರುವ ಗಡ್ಡೆಗೆ ನೀರು ಬಿದ್ದರೆ ಕೊಳೆತಂತೆಯೇ ಸರಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ನಾಡೇ ಹಿಗ್ಗುವಾಗ, ರಾಯರು ಪಂಚೆ ಎತ್ತಿಕಟ್ಟಿ, ಭರಣಿಯನ್ನು ಬೈಯುತ್ತಾ ತಾರಸಿಯಿಂದ ಕುಂಡ ಇಳಿಸುತ್ತಿರುತ್ತಾರೆ.

ಅದೇ ತಾರಸಿಯ ಮೂಲೆಯಲ್ಲಿ, ಹಳೆಯ ಎಣ್ಣೆ ಡಬ್ಬದಲ್ಲಿ ಮಡದಿಯ ಸುಗಂಧರಾಜವಿದೆ. ಅದೂ ಗಡ್ಡೆಯೇ, ಮೂಲ ಮೆಕ್ಸಿಕೋ.

“ಇದೂ ಫಾರಿನ್ನೇ ಅಲ್ವೇನ್ರೀ?”

“ಎಲ್ಲರ ಮನೇಲೂ ಇದೆ ಕಣೇ.”

ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಇಂಥ ಮನೆಗೆ ಹೋಗುವವರು ದಯವಿಟ್ಟು ಸೇಬು ಒಯ್ಯಬೇಡಿ. ಕೋಡುಬಳೆ ಒಯ್ಯಿರಿ. ಅದು ಎಥಿಲೀನ್ ಬಿಡುವುದಿಲ್ಲ, ಫ್ರಿಜ್ಜೂ ಬೇಕಿಲ್ಲ.