ಬರಿ ತೊಟ್ಲಾ ತೂಗಬ್ಯಾಡ

ಖಟಕ ಚಿಂಚೋಳಿಯ ಆ ಮನೆಯ ಮಗಳಿಗೆ ಈಗ ಏಳು ತಿಂಗಳು. ಚೊಚ್ಚಲು, ಹಾಗಾಗಿ ಹೆರಿಗೆ ತವರಿನಲ್ಲೇ. ಪುಣೆಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಳಿಯ ಫೋನು ಮಾಡಿ, "ಮಾಮಾ, ಅಲ್ಲೊಂದು ನರ್ಸರಿ ಆಗಬೇಕ್ರಿ" ಎಂದರಂತೆ. ಮಾವ ಮರುದಿನವೇ ಭಾಲ್ಕಿಗೆ ಹೋಗಿ ಎರಡು ನುಗ್ಗೆ, ಒಂದು ಕರಿಬೇವು, ನಾಲ್ಕು ಮಾವಿನ ಸಸಿ ತಂದು ಅಂಗಳದಲ್ಲಿ ಸಾಲಾಗಿ ಇಟ್ಟರು. ಅಳಿಯ ಒಳ್ಳೆಯವರು, ನಗಲಿಲ್ಲ. ಮಾತು ಬಿಟ್ಟು ಕೂಸಿನ ಖೋಲಿಗೆ ಬೇಕಾದ ಸಾಮಾನು ಕಳಿಸತೊಡಗಿದರು.

ನಾನು ಹೋದ ದಿನ ಪಡಸಾಲೆಯಲ್ಲಿ ರಟ್ಟಿನ ಡಬ್ಬಗಳು ಎದೆಯೆತ್ತರ ನಿಂತಿದ್ದವು. ಮನೆಯವರೆಲ್ಲ ಜೋಳದ ರಾಶಿಗೆ ಹೋಗಿದ್ದರು. ಅಡುಗೆಮನೆಯಿಂದ ಆಯಿ ರೊಟ್ಟಿ ಬಡಿಯುವ ಸಪ್ಪಳ. ಡಬ್ಬಗಳ ಆಚೆ, ತೊಲೆಯ ಕೊಂಡಿಗೆ ತೂಗುಬಿದ್ದ ಹಳೆಯ ತೊಟ್ಟಿಲು. ಮೊನ್ನೆಯಷ್ಟೇ ಅಟ್ಟದಿಂದ ಇಳಿಸಿದ್ದಾರೆ. ಮಾತಿಗೆ ಯಾರೂ ಇರಲಿಲ್ಲವಾದ್ದರಿಂದ ಅದನ್ನೇ ಮಾತಾಡಿಸಿದೆ.

ನಾನು: ಮುತ್ಯಾ, ಶರಣ್ರಿ. ನಿಮ್ಮ ವಯಸ್ಸೆಷ್ಟು?

ತೊಟ್ಟಿಲು: ಶರಣು, ಬಾ ತಮ್ಮಾ. ಮೊದಲ ನನ್ನ ಮ್ಯಾಲಿಂದು ಕೈ ತೆಗಿ. ಬರಿ ತೊಟ್ಲಾ ತೂಗಬಾರದು ಅಂತ ನಿಮ್ಮವ್ವ ಹೇಳಿಲ್ಲೇನು? ವಯಸ್ಸು ಗೊತ್ತಿಲ್ಲ. ಉದಗೀರ ನಮ್ಮ ಬೀದರ ಜಿಲ್ಲಾದಾಗ ಇದ್ದಾಗ ಅಲ್ಲಿಯ ಬಡಗಿ ಮಾಡಿದ್ದು. 1956ರಾಗ ಉದಗೀರ ಆ ಕಡಿ ಹೋಯ್ತು, ನಾ ಈ ಕಡಿ ಉಳದೆ.

ನಾನು: ಸಾಗವಾನಿಯೇ?

ತೊಟ್ಟಿಲು: ಬೇವು. ಹಲ್ಲು ಬಂದ ಕೂಸು ನನ್ನ ಒಂದೇ ಸಲ ಕಡೀತದ. ಸಾಗವಾನಿ ಅಂದ್ರ ಕಲಘಟಗಿಯಾಕಿ. ಮೈತುಂಬ ಅರಗಿನ ಬಣ್ಣ, ಅದರ ಮ್ಯಾಲ ರಾಮ, ಕೃಷ್ಣ ಎಲ್ಲ ಚಿತ್ರ. ಆಕೀನ ಈಗ ಬೆಂಗಳೂರಿನ ದೊಡ್ಡ ದೊಡ್ಡ ಮನ್ಯಾಗ ಹಾಲಿನಾಗ ಕುಂದರಸ್ಯಾರ. ಒಳಗ ಕೂಸಿಲ್ಲ, ಹಳೀ ಪೇಪರ್ ಇಡತಾರ. ನನಗ ಹಂತಾ ಮರ್ಯಾದಿ ಬ್ಯಾಡಪ್ಪ.

ನಾನು: ನಿಮಗೂ ಬಣ್ಣ ಇದೆಯಲ್ಲ, ಹಸಿರು.

ತೊಟ್ಟಿಲು: ಅದೇ ಚಿಂತಿ. ಯಾರದೋ ಮದಿವಿಗಿ ಬಾಗಲಾಕ್ಕ ಹಚ್ಚಿ ಉಳದ ಬಣ್ಣ ನನಗ ಬಳದಾರ. ಆಗಿನ ಬಣ್ಣದಾಗ ಸೀಸ ಎಷ್ಟಿರ್ತಿತ್ತೋ ಯಾರು ಕೇಳೋರು?

(ಇದು ನಿಜ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ದಾಟಬಾರದೆಂಬ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಆಯಿತು, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಕೂಸು ಚಕ್ಕೆ ಎದ್ದ ಬಣ್ಣವನ್ನು ಬಾಯಿಗೆ ಹಾಕುತ್ತದೆ. ಸೀಸ ಸೇರುವುದು ಬೆಳೆಯುವ ಮಿದುಳಿಗೆ.)

ನಾನು: ಮಾವನವರು ಪಾಲಿಶ್ ಪೇಪರ್ ತಂದಿಟ್ಟಿದ್ದಾರೆ.

ತೊಟ್ಟಿಲು: ನೋಡ್ದೆ. ಇಲ್ಲೇ ಪಡಸಾಲ್ಯಾಗ ಕುಂತು ತಿಕ್ಕತಾರಂತ! ಆ ಧೂಳು ಯಾರ ಮೂಗಿಗಿ ಹೋಗ್ತದ? ಬಸುರಿ ಮಗಳು ಬಾಜೂಕ್ಕೇ ಕುಂತಿರ್ತಾಳ. ತಿಕ್ಕೋದಿದ್ರ ನನ್ನ ಹೊಲಕ್ಕ ಒಯ್ರಿ, ನೀರು ಹಚ್ಚಿ ತಿಕ್ರಿ. ಇಲ್ಲಾ ನನ್ನ ಅಟ್ಟಕ್ಕೇ ಏರಸ್ರಿ, ಸಿಟ್ಟು ಮಾಡ್ಕೊಳ್ಳಲ್ಲ.

ನಾನು: ನರ್ಸರಿ ಅನ್ನುವ ಮಾತು ನಿಮಗೆ ಹೇಗೆ ಕೇಳಿಸುತ್ತೆ?

ತೊಟ್ಟಿಲು: ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ನಿಜಾಮನ ಕಾಲದಾಗ ಏನ್ ಮಾಡಿದ್ರು? ಸಾಲಿ ಹೊರಗ ಉರ್ದು ಬೋರ್ಡು, ಒಳಗ ಕನ್ನಡ. ನನ್ನೂ ಹಂಗೇ ಮಾಡ್ರಿ ಅಂತೀನಿ. ಬಾಗಲಾಕ್ಕ ನರ್ಸರಿ ಅಂತ ಬರೀರಿ, ಒಳಗ ಬಾಣಂತಿ ಖೋಲಿ ಇರ್ಲಿ.

ನಾನು: ಡಬ್ಬಗಳಲ್ಲಿ ಏನೇನಿದೆ ನೋಡಿದಿರಾ?

ತೊಟ್ಟಿಲು: ದಿನಾ ರಾತ್ರಿ ಅವರದೇ ಮಾತು ಕೇಳ್ತೀನಲ್ಲ. ಆ ದೊಡ್ಡ ಡಬ್ಬದಾಗ ಪಲ್ಲಂಗದಂಥಾದ್ದು ಒಂದದ. ಅದರ ಸುತ್ತ ಕಟ್ಟಲಿಕ್ಕ ಹತ್ತಿ ತುಂಬಿದ ಗಾದಿ. ಅದರ ಮ್ಯಾಲ ಮೂರು ದಿಂಬು, ಒಂದು ಆನಿ, ಒಂದು ಕರಡಿ. ಕೂಸು ಎಲ್ಲಿ ಮಲಗತದ ಅಂತ ಕೇಳ್ದೆ. ಕರಡಿ ಸುಮ್ಮ ಕುಂತು.

ನಾನು: ಸುತ್ತ ಕಟ್ಟುವ ಗಾದಿಯನ್ನು ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು ಮುತ್ಯಾ. ಕೂಸಿನ ಮೂಗು ಅದಕ್ಕೆ ಒತ್ತಿ ಉಸಿರು ಕಟ್ಟುತ್ತದೆ ಎಂದು. ಒಂದು ಬದಿ ಕೆಳಗಿಳಿಯುವ ಪಲ್ಲಂಗವನ್ನು 2011ರಲ್ಲೇ ನಿಲ್ಲಿಸಿದ್ದರು.

ತೊಟ್ಟಿಲು: ಅವರು ಬಂದ್ ಮಾಡಿದ್ದು ನಮ್ಮೂರಿಗಿ ಪಾರ್ಸಲ್ ಬರ್ತದ ಅಂದಂಗಾಯ್ತು.

ನಾನು: ಸಳಿಗಳ ನಡುವಿನ ಸಂದು ಸುಮಾರು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು ಎಂಬುದು ಅಲ್ಲಿಯ ಅಳತೆ. ತಲೆ ಸಿಕ್ಕಿಕೊಳ್ಳಬಾರದಲ್ಲ.

ತೊಟ್ಟಿಲು: ಬಡಗಿ ಮೂರು ಬೆರಳಿಟ್ಟು ನೋಡಿದ್ದ. ನೀನೂ ಇಟ್ಟು ನೋಡು. ತೂಗಬ್ಯಾಡ ಅಂದೆ!

ಇಟ್ಟು ನೋಡಿದೆ. ಮೂರು ಬೆರಳೇ. ಎಡಬದಿಯ ಒಂದು ಸಳಿ ಮಾತ್ರ ಮುರಿದು, ಆ ಜಾಗದಲ್ಲಿ ನನ್ನ ಇಡೀ ಮುಷ್ಟಿ ಹೋಯಿತು. ಮುತ್ಯಾ ಅದರ ಬಗ್ಗೆ ಮಾತಾಡಲಿಲ್ಲ. ನಾನೂ ಕೆದಕಲಿಲ್ಲ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಾನು: ನಿಮ್ಮನ್ನು ಯಾರಾದರೂ ಪರೀಕ್ಷೆ ಮಾಡಿದ್ದುಂಟೆ? ಈ ಡಬ್ಬಗಳ ಮೇಲೆಲ್ಲ ಮುದ್ರೆ ಇದೆ.

ತೊಟ್ಟಿಲು: ಹೆಸರಿಡೋ ದಿನ ಬಂದು ನೋಡು. ಕೂಸಿಗಿಂತ ಮೊದಲ ನನ್ನೊಳಗ ಏನು ಬರ್ತದ? ಗುಂಡುಕಲ್ಲು. ಅದಕ್ಕ ಕುಂಚಿಗಿ ಕಟ್ಟತಾರ, ಕುಂಕುಮ ಹಚ್ಚತಾರ, ಹೆಣ್ಮಕ್ಕಳು ನನ್ನ ಕೆಳಗಿಂದ ಮ್ಯಾಲಿಂದ ದಾಟಸ್ತಾರ, ಹಾಡತಾರ, ಆಮ್ಯಾಲ ಒಳಗ ಮಲಗಸ್ತಾರ. ಕಲ್ಲು ಹೊತ್ತು ಹಗ್ಗ ತಡದ್ರ, ಕೊಂಡಿ ತಡದ್ರ, ಆಗ ಕೂಸು. ನೀವು ಶಾಸ್ತ್ರ ಅಂತೀರಿ. ಹಗ್ಗಕ್ಕ ಅದು ಗೊತ್ತಿಲ್ಲ, ಭಾರ ಗೊತ್ತದ.

ನಾನು: ಅಂದರೆ ನಮ್ಮ ಹಿರಿಯರು ಮಾಡಿದ್ದೆಲ್ಲ ಸರಿ?

ತೊಟ್ಟಿಲು: ಎಲ್ಲಿ ಸರಿ? ನನ್ನ ಬಾಯಾಗ ಬಾರದ ಮಾತು ಹಾಕಬ್ಯಾಡ. ನನ್ನೊಳಗ ನಾಕು ಪದರಿನ ಕೌದಿ ಹಾಸ್ಯಾರ, ತಲಿ ದುಂಡಗಾಗ್ಲಿ ಅಂತ ಸಾಸಿವಿ ದಿಂಬು ಇಟ್ಟಾರ, ನೊಣ ಕೂಡ್ತಾವಂತ ಮುಖದ ಮ್ಯಾಲ ಸೀರಿ ಹೊಚ್ಚ್ಯಾರ. ಎಷ್ಟು ಸಲ ನಾನೇ ಉಸಿರು ಬಿಗಿ ಹಿಡಿದೀನಿ. ಕಣ್ಣಿಗಿ ಕಾಡಿಗಿ, ನಾಲಿಗ್ಗಿ ಜೇನು.

ನಾನು: ಕಾಡಿಗೆಯಲ್ಲೂ ಸೀಸ ಸಿಕ್ಕಿದೆ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು ಅನ್ನುತ್ತಾರೆ ಡಾಕ್ಟರು. ಅದರಲ್ಲಿರಬಹುದಾದ ಒಂದು ಜಾತಿಯ ರೋಗಾಣು ಎಳೆಯ ಕರುಳಿನಲ್ಲಿ ಮೊಳೆತು ವಿಷ ಬಿಡುತ್ತದೆ.

ತೊಟ್ಟಿಲು: ಅದನ್ನ ಅಡಗಿ ಮನಿ ಕಡಿ ಮುಖ ಮಾಡಿ ಹೇಳು, ಧೈರ್ಯಿದ್ರ. ಬೆಂಕಿ ಮಾತೂ ಹೇಳು. ಮೇ ತಿಂಗಳು ಹಡೀತಾಳ ಮಗಳು. ನಮ್ಮ ಕಡಿ ಬಿಸಿಲು 40 ದಾಟಿರ್ತದ. ಆಗ ಕಿಡಕಿ ಬಂದ್ ಮಾಡಿ, ಹೊರಸಿನ ಕೆಳಗ ಕೆಂಡದ ಅಗ್ಗಿಷ್ಟಿಗಿ ಇಡತಾರ. ಚಳಿಗಾಲದ ರೂಢಿ ಅದು, ಬ್ಯಾಸಗಿಗೂ ತಂದು ಹಚ್ಚ್ಯಾರ. ಬಂದ್ ಖೋಲ್ಯಾಗ ಕೆಂಡದ ಗಾಳಿಗಿ ವಾಸನಿ ಇಲ್ಲ, ಬಣ್ಣ ಇಲ್ಲ. ತಾಯಿ ಕೂಸು ಇಬ್ಬರೂ ನಿದ್ದ್ಯಾಗೇ ಇರ್ತಾರ.

ಇಲ್ಲಿ ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಾಯಿತು.

ನಾನು: ಕೂಸನ್ನು ಅಂಗಾತ ಮಲಗಿಸಬೇಕು ಎಂದು ಅಮೆರಿಕದಲ್ಲಿ 1994ರಿಂದ ಊರೂರಿಗೆ ಹೇಳಿಕೊಂಡು ಬಂದರು. ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುತ್ತಿದ್ದ ಕೂಸುಗಳ ಪ್ರಮಾಣ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು. ಗಟ್ಟಿ ಹಾಸಿಗೆ, ಅಂಗಾತ, ದಿಂಬಿಲ್ಲ, ಬೊಂಬೆಯಿಲ್ಲ.

ತೊಟ್ಟಿಲು: ಅಂದ್ರ ಖಾಲಿ. ಅಳಿಯಂದಿರಿಗಿ ಫೋನ್ ಹಚ್ಚಿ ಹೇಳು, ಖಾಲಿ ಅನ್ನೋದು ಒಂದು ಡಬ್ಬ ಕಳಸ್ರಿ ಅಂತ. ನನ್ನ ಮಾತೂ ಬರಕೋ: ಕೂಸು ಮಗ್ಗಲಾಗಿ ಕೈ ಊರಿ ಏಳಲಿಕ್ಕ ಹತ್ತಿದ ದಿನ ನನ್ನ ನೌಕರಿ ಖತಂ. ಅವತ್ತೇ ಕೆಳಗ ಚಾಪಿ ಮ್ಯಾಲ ಹಾಕಬೇಕು. ಒಂದು ದಿನ ಜಾಸ್ತಿ ಇಟ್ರೂ ನಾ ಜವಾಬ್ದಾರ ಅಲ್ಲ.

ನಾನು: ಸೀರೆಯ ಜೋಳಿಗೆ?

ತೊಟ್ಟಿಲು: ಹೊಲದಾಗ ಕೆಲಸ ಮಾಡಾಕಿಗಿ ಬ್ಯಾರೆ ಏನದ? ಅದಕ್ಕ ನಾ ಏನೂ ಅನ್ನಲ್ಲ. ಕೂಸು ತೆಗದ ಮ್ಯಾಲ ಬಿಚ್ಚಿ ಇಡಬೇಕು, ಅಷ್ಟೇ. ಹಂಗೇ ಬಿಟ್ರ ದೊಡ್ಡ ಹುಡುಗರು ಒಳಗ ಕುಂತು ಗರಗರ ತಿರಗತಾವ. ಸೀರಿ ಹುರಿಯಾಗಿ ಕುತಗಿಗಿ ಸುತ್ತಕೋತದ. ಆಟ ಅಂತ ಎಲ್ಲಾರೂ ಹೊರಗ ಇರ್ತಾರ.

ನಾನು: ಗಾಲಿ ಹಚ್ಚಿದ ವಾಕರ್ ಕೂಡ ಬಂದಿದೆ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವಂತಿಲ್ಲ.

ತೊಟ್ಟಿಲು: ಈ ಮನಿಗಿ ಪಡಸಾಲಿಂದ ಅಂಗಳಕ್ಕ ಮೂರು ಮೆಟ್ಲ. ಬಚ್ಚಲದಾಗ ತುಂಬಿದ ಬಕೀಟ. ಕೂಸಿಗಿ ಗಾಲಿ ಕೊಟ್ಟು ದಾರಿ ತೋರಸೋದು ಬ್ಯಾರೆ ಬಾಕಿ ಇತ್ತು.

ನಾನು: ಕ್ಯಾಮೆರಾ ಮಾತ್ರ ಒಳ್ಳೆಯದಲ್ಲವೆ? ಪುಣೆಯಲ್ಲಿ ಕೂತು ಅಪ್ಪ ನೋಡಬಹುದು.

ತೊಟ್ಟಿಲು: ನೋಡ್ಲಿ ಪಾಪ, ಅವರದೂ ಜೀವ. ಆದ್ರ ಕರೆಂಟ್ ಹೋದ್ರ ಅದು ಕುರುಡು. ಆಶಾ ಬರ್ತಾಳಲ್ಲ, ಆಕಿ ಕರೆಂಟ್ ಇಲ್ಲದಾಗೂ ನೋಡ್ತಾಳ.

(ದವಾಖಾನೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. 2011ರಿಂದ ದೇಶಕ್ಕೆಲ್ಲ ಈ ಲೆಕ್ಕ. ತೂಕ, ಮೈಬಿಸಿ, ಉಸಿರು, ಹೊಕ್ಕುಳು ನೋಡುತ್ತಾರೆ. ಇದರ ಬೇರು ದೂರದ್ದಲ್ಲ: ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ಕಲಿಸಿ, ಮನೆಯಲ್ಲೇ ಎಳೆಗೂಸಿನ ಆರೈಕೆ ಮಾಡಿಸಿ, ಸಾವು ಅರ್ಧಕ್ಕಿಂತ ಹೆಚ್ಚು ತಗ್ಗಿದ್ದನ್ನು 1999ರಲ್ಲಿ ಜಗತ್ತಿಗೆ ತೋರಿಸಿದರು. ಆ ಹೆಂಗಸರ ಸಲಕರಣೆಯೆಲ್ಲ ಒಂದು ಕೈಚೀಲದಲ್ಲಿ ಹಿಡಿಸುತ್ತಿತ್ತು.)

ತೊಟ್ಟಿಲು: ಚೀಲ ಅಂದಿ ನೆನಪಾಯ್ತು. 2007ರಾಗ ನಮ್ಮ ಸರಕಾರನೂ ಮಡಿಲು ಅಂತ ಒಂದು ಚೀಲ ಕೊಡಲಿಕ್ಕ ಶುರು ಮಾಡಿತ್ತು. ಅದರಾಗ ಸೊಳ್ಳಿ ಪರದಿ ಇತ್ತು. ನನಗ ಬಂದ ಉಡುಗೊರಿಯೊಳಗ ಕೆಲಸಕ್ಕ ಬಂದದ್ದು ಅದೊಂದೇ. ಆ ಪರದಿ ಈಗ ಹಿತ್ತಲದಾಗ ಕೋಳಿಗಿ ಕಟ್ಟ್ಯಾರ.

ನಾನು: ಬರಿ ತೊಟ್ಟಿಲು ತೂಗಬಾರದು ಅಂತ ಆಗಿನಿಂದ ಗದರುತ್ತಿದ್ದೀರಿ. ನೀವೂ ಅದನ್ನು ನಂಬುತ್ತೀರಾ?

ತೊಟ್ಟಿಲು: ಒಂದು ರಾತ್ರಿ ನಾನೇ ತೂಗೀನಿ. 1993, ಸೆಪ್ಟೆಂಬರ್ 30. ಗಣಪತಿ ಕಳಿಸಿ ಬಂದು ಎಲ್ಲಾರೂ ಮಲಗಿದ್ರು. ನಸುಕಿನಾಗ ನಾಕು ಹೊಡೀಲಿಕ್ಕ ನಾಕು ನಿಮಿಷ ಇತ್ತು. ಯಾರೂ ಮುಟ್ಟಿಲ್ಲ, ಒಳಗ ಕೂಸಿಲ್ಲ, ನಾ ತೂಗ್ಲಿಕ್ಕ ಹತ್ತೀನಿ. ಆಯಿ ಕಣ್ಣು ಬಿಟ್ಟು ನನ್ನೇ ನೋಡಿದ್ರು. ಸೊಸಿನ್ನ, ಮೊಮ್ಮಕ್ಕಳನ್ನ ದರದರ ಎಳಕೊಂಡು ಅಂಗಳಕ್ಕ ಹೋದ್ರು. ಮ್ಯಾಲಿಂದ ಮಣ್ಣು ಉದುರ್ತು, ಮನಿ ನಿಂತು. ಮುಂಜಾನಿ ಕಿಲ್ಲಾರಿ ಭೂಕಂಪದ ಸುದ್ದಿ ಬಂತು. ಹತ್ರ ಹತ್ರ ಹತ್ತು ಸಾವಿರ ಮಂದಿ. ಕಲ್ಲು ಮಣ್ಣಿನ ಗೋಡಿ, ಅದರ ಮ್ಯಾಲ ಮೊಳಗಟ್ಟಲೆ ಮಣ್ಣಿನ ಮಾಳಿಗಿ. ನಮ್ಮ ಮನೀನೂ ಹಂತಾದ್ದೇ.

ನಾನು: ಈಗ ಸ್ಲ್ಯಾಬ್ ಹಾಕಿಸಿದ್ದಾರಲ್ಲ.

ತೊಟ್ಟಿಲು: ಹಿಂದಿನ ಎರಡು ಖೋಲಿಗಿ ಹಾಕಸ್ಯಾರ. ಅದರಾಗ ಒಂದು ಖೋಲಿನೇ ನಿಮ್ಮ ನರ್ಸರಿ. ಒಳಗ ಹೋಗಿ ನೋಡು. ಪಲ್ಲಂಗ ಇಡೋ ಜಾಗದ ನೆತ್ತಿ ಮ್ಯಾಲ ಗೋಡಿಗಿ ಹಲಗಿ ಬಡದು ಬೊಂಬಿ ಜೋಡಸ್ಯಾರ. ಬಾಜೂಕ್ಕ ಎತ್ತರದ ಕಪಾಟ, ಗೋಡಿಗಿ ಒಂದು ಸ್ಕ್ರೂ ಇಲ್ಲ. ಕಿಲ್ಲಾರಿ ಬರೋದು ಬ್ಯಾಡ, ನಾಳೆ ಅದೇ ಕೂಸು ಖಾನಿ ಎಳದು ಮ್ಯಾಲ ಹತ್ತಿದ್ರ ಸಾಕು.

ನಾನು: ಆದರೂ ಕೂಸಿಗೇ ಬೇರೆ ಖೋಲಿ...

ತೊಟ್ಟಿಲು: ನಿನ್ನ ಅಮೆರಿಕದ ಡಾಕ್ಟರು ಏನಂತಾರ?

ನಾನು: ಕನಿಷ್ಠ ಆರು ತಿಂಗಳು ಕೂಸು ತಾಯಿತಂದೆಯ ಖೋಲಿಯಲ್ಲೇ ಮಲಗಬೇಕು, ಬೇರೆ ಹಾಸಿಗೆಯಲ್ಲಿ ಅನ್ನುತ್ತಾರೆ.

ತೊಟ್ಟಿಲು: ಅಂದ್ರ ಹೊರಸಿನ ಮಗ್ಗಲಿಗಿ ತೊಟ್ಲಾ. ಅವರು ಕಲಿತು ಕಲಿತು ಇಲ್ಲಿಗಿ ಬಂದಾರ, ನೀವು ಇಲ್ಲಿಂದ ಡಬ್ಬ ಹಿಡದು ಅಲ್ಲಿಗಿ ಹೊಂಟೀರಿ. ಇರ್ಲಿ. ತಮ್ಮಾ, ನರ್ಸರಿ ಬಾಜೂಕ್ಕಿನ ಖೋಲ್ಯಾಗ ಏನದ ಕೇಳ್ದ್ಯಾ?

ನಾನು: ಜೋಳದ ಚೀಲ ಇರಬೇಕು.

ತೊಟ್ಟಿಲು: ಮೊದಲ ನರ್ಸರ್ಯಾಗೇ ಇದ್ವು. ಖೋಲಿ ಖಾಲಿ ಆಗಬೇಕಲ್ಲ, ಆಚಿ ಖೋಲಿಗಿ ಎಳದಾರ. ನಡಕ ಬಾಗಲಾ. ಬಾಗಲಾದ ಕೆಳಗ ಇಲಿ ಹೋಗೋವಷ್ಟು ಸಂದು. ಹುಳ ಹಿಡೀಬಾರದಂತ ಮೊನ್ನೆ ಪ್ಯಾಟಿಂದ ಗುಳಿಗಿ ತಂದು ಮ್ಯಾಲಿನ ಗೂಡಿನಾಗ ಇಟ್ಟಾರ. ರಾಶಿ ಮುಗದ ಮ್ಯಾಲ ಚೀಲದ ನಡಕ ಇಡತಾರಂತ. ಮಗಳು ಇವತ್ತಿಂದ ನರ್ಸರ್ಯಾಗೇ ಮಲಗ್ತಾಳ, ತಂಪದ ಅಂತ.

ನನ್ನ ಪೆನ್ನು ನಿಂತಿತು. ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಗಾಳಿ ಬಿಡತೊಡಗುತ್ತದೆ. ಕಾಳಿನ ಹುಳಕ್ಕೆಂದು ಇಟ್ಟದ್ದು ಬಾಗಿಲ ಸಂದಿನಿಂದ ಮಗ್ಗುಲ ಖೋಲಿಗೆ ಹರಿಯುತ್ತದೆ. ಮನುಷ್ಯರು ಮಲಗುವ ಮನೆಯಲ್ಲಿ ಅದನ್ನು ಇಡಲೇಬಾರದು. ಅದರ ವಿಷಕ್ಕೆ ಪ್ರತಿಮದ್ದಿಲ್ಲ. ಕರಡಿ, ಆನೆ, ಗಾದಿಯೆಂದು ನಾನು ಎರಡು ಪುಟ ತುಂಬಿಸಿಕೊಂಡಿದ್ದೆ.

ನಾನು: ಇದನ್ನು ಮೊದಲೇ ಹೇಳಬಾರದೇನ್ರಿ ಮುತ್ಯಾ?

ತೊಟ್ಟಿಲು: ನೀ ವಯಸ್ಸು ಕೇಳ್ದಿ.

ಎದ್ದು ಅಡುಗೆಮನೆಗೆ ಓಡುವಾಗ ಮೊಣಕೈ ತಾಗಿ ತೊಟ್ಟಿಲು ತೂಗಿತು. ಕೊಂಡಿ ಕಿರ್ರೆಂದಿತು.

"ಯಾರ್ಲೇ ಅದು ಬರಿ ತೊಟ್ಲಾ ತೂಗಾವ?" ಹಿಟ್ಟಿನ ಕೈಯಲ್ಲೇ ಆಯಿ ಹೊರಗೆ ಬಂದರು. ಗುಳಿಗೆ, ಚೀಲ, ಬಾಗಿಲ ಸಂದು, ಮಗಳು ಮಲಗುವ ಖೋಲಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಆಯಿ ಕೇಳಿಸಿಕೊಂಡರು. ಕೈ ಒರೆಸಿಕೊಂಡರು.

"ನಿನಗ ಯಾರು ಹೇಳಿದ್ರು?"

"ತೊಟ್ಲಾ ಹೇಳ್ತು ಆಯಿ."

"ಅದಕ್ಕ ಬಾಯಿ ಭಾಳ ಆಗ್ಯಾದ" ಎಂದರು ಆಯಿ, ಏನೂ ಆಶ್ಚರ್ಯವಿಲ್ಲದೆ. ಸೆರಗಿನ ತುದಿ ಕೈಗೆ ಸುತ್ತಿಕೊಂಡು ಗುಳಿಗೆಯ ಡಬ್ಬಿಯನ್ನು ಗೂಡಿನಿಂದ ಇಳಿಸಿ ಹಿತ್ತಲಾಚೆ ಕೊಟ್ಟಿಗೆಗೆ ಒಯ್ದು, ಎತ್ತರದಲ್ಲಿಟ್ಟು, ಬೀಗ ಹಾಕಿ ಬಂದರು. ಕೈಯನ್ನು ಎರಡು ಸಲ ಸಾಬೂನು ಹಚ್ಚಿ ತೊಳೆದರು. ಆಮೇಲೆ ಖೋಲಿಯಲ್ಲಿದ್ದ ಹನ್ನೊಂದು ಚೀಲಗಳನ್ನು ನೋಡಿದರು, ನನ್ನನ್ನು ನೋಡಿದರು.

"ಬರಿಯೋದು ಆಮ್ಯಾಲ ಬರಿ. ಈಗ ಆ ಕಡಿ ಹಿಡಿ."