ಹುಣಸೂರು ಸೀಮೆಯ ಗಾಲಿಗಳು: ಒಂದು ಪಾಠ ಪರಿಷ್ಕರಣ

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟ 1898ರಲ್ಲಿ ಹೊರಬಂತು. ಹುಣಸೂರು, ಹೆಗ್ಗಡದೇವನಕೋಟೆ, ಯಡತೊರೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಗಾಲಿಗಳು ಮಾತ್ರ ಇಲ್ಲ. ಎತ್ತಿನ ಗಾಡಿಗೆ ಸಿಲ್ವರ್ ಪೇಂಟ್ ಬಳಿಯುವ ಹುಮ್ಮಸ್ಸು ಆಗಿನ್ನೂ ಯಾರಿಗೂ ಬಂದಿರಲಿಲ್ಲವಾದ್ದರಿಂದ ರೈಸರನ್ನು ಕ್ಷಮಿಸಬಹುದು. ಆ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಕ್ಷೇತ್ರಕಾರ್ಯಕ್ಕೆ ಆರಿಸಿಕೊಂಡ ಊರು ಕೊಪ್ಪ. ಮೈಸೂರು-ಮಡಿಕೇರಿ ಹೆದ್ದಾರಿ ಕಾವೇರಿ ದಾಟಿ ಕುಶಾಲನಗರ ಸೇರುವ ಮುಂಚೆ, ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ಲಿಗೆ ತಿರುಗುವ ಜಾಗ ಅದು. ತಿರುವಿನಲ್ಲಿ ಗಾಡಿಗಳು ನಿಧಾನಿಸುವುದರಿಂದ ಗಾಲಿಗಳನ್ನು ಓದಲು ಸಲೀಸು.

ಮೂಲಪಾಠದ ಬಗ್ಗೆ ತಕರಾರಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಬೈಕು ಬಿಡಲು ಶುರುಮಾಡಿ, ಮುಂದೆ ಯೆಜ್ಡಿಯನ್ನೂ ಕೊಟ್ಟು, 1996ರಲ್ಲಿ ಬಾಗಿಲು ಹಾಕಿತು. ಜಾವಾದ ಕ್ರೋಮ್ ರಿಮ್ಮೇ ಕವಿಪಾಠ. ಆಮೇಲೆ ಅದರ ಮೇಲೆ ಬಳಿದದ್ದೆಲ್ಲ ಪ್ರಕ್ಷಿಪ್ತ.

ಪ್ರಕ್ಷೇಪದ ಕಾಲವನ್ನು ನಿಖರವಾಗಿ ಹೇಳಬಹುದು: ಆಯುಧಪೂಜೆಯ ಹಿಂದಿನ ಸಂಜೆ. ಹೊಗೆಸೊಪ್ಪು ಬ್ಯಾರನ್ನಿನಿಂದ ಇಳಿದು ಹರಾಜಿಗೆ ಹೋಗುವ ದಿನಗಳೂ ಹೆಚ್ಚುಕಡಿಮೆ ಅವೇ. ಕೈಯಲ್ಲಿ ನಾಲ್ಕು ಕಾಸು, ಜಗಲಿಯ ಮೇಲೆ ಅರ್ಧ ಡಬ್ಬಿ ಸಿಲ್ವರ್, ಕೂದಲುದುರುವ ಒಂದು ಬ್ರಷ್ಷು. ಲಿಪಿಕಾರ ಕೂತಲ್ಲಿಂದ ಏಳುವುದಿಲ್ಲ, ಗಾಲಿಯನ್ನೇ ತಿರುಗಿಸುತ್ತಾನೆ. ಬ್ರಷ್ಷು ರಿಮ್ಮು ಮುಗಿಸಿ ಕಡ್ಡಿಗೆ, ಕಡ್ಡಿಯಿಂದ ನಿಪ್ಪಲ್ಲಿಗೆ, ಅಲ್ಲಿಂದ ವಾಲ್ವಿಗೆ, ಕೊನೆಗೆ ಉತ್ಸಾಹ ತಡೆಯದೆ ಟೈರಿಗೂ ಏರುತ್ತದೆ. ನಿಪ್ಪಲ್ಲು ಬಣ್ಣದಲ್ಲಿ ಕಚ್ಚಿಕೊಂಡ ಮೇಲೆ ಗಾಲಿಯ ಔಟ್ ತೆಗೆಯುವವನು ಆಡುವ ಮಾತುಗಳು ಪ್ರಕಟಣೆಗೆ ಯೋಗ್ಯವಲ್ಲ.

ಹಳೇ ಜೀಪಿನ ಡಿಸ್ಕಿನಲ್ಲಿ ಪಾಠಾಂತರಗಳು ಇನ್ನೂ ಸಮೃದ್ಧ. ಚಾಕುವಿನ ತುದಿಯಿಂದ ಉಗುರಗಲ ಕೆರೆದರೆ ಸಿಲ್ವರ್, ಅದರಡಿ ಕೆಮ್ಮಣ್ಣು, ಅದರಡಿ ಕ್ರೀಂ ಎನಾಮೆಲ್, ಮತ್ತೆ ಸಿಲ್ವರ್, ತಳದಲ್ಲಿ ತುಕ್ಕು. ಮಣ್ಣನ್ನು ಪ್ರತ್ಯೇಕ ಪದರವೆಂದು ಎಣಿಸಬೇಕೇ ಎಂಬುದು ವಿದ್ವತ್ ವಲಯದ ದೊಡ್ಡ ಜಗಳ. ಎಣಿಸಬೇಕು ಎಂಬುದೇ ಈ ಪ್ರಬಂಧದ ಪಕ್ಷ, ಏಕೆಂದರೆ ಮೊದಲು ಕಿತ್ತುಬರುವುದು ಅದರ ಮೇಲಿನ ಬಣ್ಣವೇ.

ಉಳಿದ ಬಣ್ಣ ಏಳುವುದಕ್ಕೂ ಕಾರಣಗಳುಂಟು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅಡಿಯಿಂದಲೇ ಬಣ್ಣವನ್ನು ಎಬ್ಬಿಸುತ್ತದೆ. ನುಣುಪು ಕ್ರೋಮನ್ನು ಉಜ್ಜದೆ ಬಳಿದರೆ ಬಣ್ಣ ಹಿಡಿಯದೆ ಹಾಳೆಯಾಗಿ ಸುಲಿಯುತ್ತದೆ. ಎನಾಮೆಲ್ ಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಹೊಡೆದರೋ, ಅದರ ತಿನ್ನರ್ ಕೆಳಗಿನ ಪದರವನ್ನು ನೆನೆಸಿ ಸುಕ್ಕು ಬರಿಸುತ್ತದೆ.

ಆದ್ದರಿಂದ ಪರಿಷ್ಕರಣವೆಂದರೆ ಬಹುಪಾಲು ಅಳಿಸುವ ಕೆಲಸ. ಟೈರು ಬಿಚ್ಚಬೇಕು. ಮೊದಲು ಗ್ರೀಸು ತೊಳೆಯಬೇಕು, ಆಮೇಲೆ ಉಜ್ಜಬೇಕು. ಕ್ರಮ ತಪ್ಪಿದರೆ ಎಮರಿ ಪೇಪರು ಜಿಡ್ಡನ್ನು ಗೀರುಗಳೊಳಗೇ ತುಂಬುತ್ತದೆ. 80ರ ಪೇಪರಿನಿಂದ ಶುರುಮಾಡಿ 220, 400ಕ್ಕೆ ಬರುವುದು. ಬೆತ್ತಲೆ ಕಬ್ಬಿಣವನ್ನು ಮಳೆಗಾಲದ ರಾತ್ರಿ ಹಾಗೇ ಬಿಡದೆ ಅವತ್ತೇ ಪ್ರೈಮರ್ ಕೊಟ್ಟು, ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹೊಡೆಯುವುದು. ಪೌಡರ್ ಕೋಟಿಂಗ್ ಬೇಕೆಂದರೆ ಸುಮಾರು 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯಿಸುವವರಲ್ಲಿಗೇ ಒಯ್ಯಬೇಕು.

ಇಲ್ಲೊಂದು ಕಡೆ ಪಾಂಡಿತ್ಯ ಹಾಸ್ಯ ಬಿಡಬೇಕಾಗುತ್ತದೆ. ಡಿಸ್ಕು ಹಬ್ಬಿಗೆ ಕೂರುವ ಮುಖಕ್ಕೂ ವೀಲ್ ನಟ್ಟು ಕೂರುವ ಕುಳಿಗೂ ದಪ್ಪ ಬಣ್ಣ ಬೀಳಕೂಡದು. ನಟ್ಟಿನ ಒತ್ತಡಕ್ಕೆ ಆ ಬಣ್ಣ ನಲುಗಿ ತೆಳುವಾಗುತ್ತದೆ, ಹಿಡಿತ ಸಡಿಲವಾಗುತ್ತದೆ. ಗಾಲಿ ತೊಡಿಸಿ 50ರಿಂದ 100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಲೇಬೇಕು.

ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಸಮಸ್ತ ಲಿಪಿಕಾರರಲ್ಲಿ ಒಂದು ವಿನಂತಿ: ಈ ಸಲದ ಆಯುಧಪೂಜೆಗೆ ಗಾಲಿಗೆ ಕುಂಕುಮ ಇಡಿ, ಅಡಿಗೆ ನಿಂಬೆಹಣ್ಣು ಇಡಿ, ಆ ಅರ್ಧ ಡಬ್ಬಿಯ ಮುಚ್ಚಳ ಮಾತ್ರ ತೆಗೆಯಬೇಡಿ.